ಹನ್ನೊಂದನೆಯ ಹಾಳೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಏಳೂವರೆಗೆ ನೋಡಿದರೆ ಚಿಂಪಾಂಜಿ ಮನೆಯ ಬಾಗಿಲ ಹತ್ತಿರ ಬೀಗ ಇರಲಿಲ್ಲ. ಒಳಗೆ ಚಿಂಪಾಂಜಿಗಳ ಹಿಂಡು, ಒಂದೊಂದಕ್ಕೂ ನಾಲ್ಕಾಳಿನ ಬಲ. ಅಂಗಳದ ನಡುವೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ: "ಬೀಗ ಇಲ್ಲ! ಬಾಗಿಲ ಹತ್ರ ಬೀಗ ಇಲ್ಲ!"

ಅಪಾಯದ ಗಂಟೆ ಹೊಡೆಯಿತು. ಅಡುಗೆಯವಳು ಕ್ಯಾರೆಟ್ ಬುಟ್ಟಿ ಸಮೇತ ಉಗ್ರಾಣ ಹೊಕ್ಕು ಚಿಲಕ ಹಾಕಿಕೊಂಡಳು. ಟೈಪಿಸ್ಟಮ್ಮ ಆಫೀಸಿನ ಮೇಜು ಹತ್ತಿ ನಿಂತಳು, ಚಿಂಪಾಂಜಿಗೆ ಮೇಜು ಹತ್ತಲು ಬರುವುದಿಲ್ಲ ಅಂತ ಯಾರು ಹೇಳಿಕೊಟ್ಟಿದ್ದರೋ. ಡಾಕ್ಟರಮ್ಮ ಮತ್ತಿನ ಬಂದೂಕು ಹಿಡಿದು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಿ ಬಂದರು.

"ಯಾವ ಬಾಗಿಲು ಅಜ್ಜ? ಯಾವ ಬಾಗಿಲು?"

"ಬಾಗಿಲು ಭದ್ರವಾಗಿದೆ ಡಾಕ್ಟರಮ್ಮ. ನಮ್ಮ ಬೀಗ ಇಲ್ಲ ಅಂದೆ. ಏಳಕ್ಕೆ ಬರಬೇಕಿತ್ತು, ಇನ್ನೂ ಪತ್ತೆ ಇಲ್ಲ."

ಒಪ್ಪಿಕೊಳ್ಳುತ್ತೇನೆ. ಬಾಗಿಲಿಗೆ ಬೀಗ ಜಡಿದೇ ಇತ್ತು, ನಾನೇ ಎರಡು ಸಲ ಎಳೆದು ನೋಡಿದ್ದೆ. ಇರದಿದ್ದದ್ದು ನನ್ನ ಮಗಳ ಮಾವ. ಮೂರು ವರ್ಷದಿಂದ ಅವನೂ ಇಲ್ಲೇ, ನನ್ನ ಜೊತೆ ಚಿಂಪಾಂಜಿಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಾನೆ. ಸೈಕಲ್ ಪಂಕ್ಚರ್ ಆಗಿ ತಳ್ಳಿಕೊಂಡು ಬರುತ್ತಿದ್ದನಂತೆ.

ಡಾಕ್ಟರಮ್ಮ ನಗಲಿಲ್ಲ. ಬಂದೂಕಿನಿಂದ ಮತ್ತಿನ ಸೂಜಿ ಹೊರತೆಗೆದರು. "ಇದೇ ಕೊನೆ. ಇನ್ನೊಂದು ತಮಾಷೆ ಮಾಡಿದ್ರೆ ಈ ಮನೆಯೊಳಗೆ ಕಾಲಿಡೋ ಹಾಗಿಲ್ಲ. ನಿಮ್ಮ ಮೂವತ್ತು ವರ್ಷದ ಸರ್ವೀಸು ಆಗ ನೆನಪಿಸಬೇಡಿ."

ಬೀಗ ಬಂದ. ವಿಷಯ ಕೇಳಿದ. ಏನೂ ಅನ್ನಲಿಲ್ಲ, ಅವನು ಅನ್ನುವುದೇ ಇಲ್ಲ. ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈ ಕಿಸೆಗಿಳಿಸಿದ. ಬೀಗನ ಕೈಯಲ್ಲಿ ಬೀಗದ ಕೈ! ಮೂರು ವರ್ಷದಿಂದ ದಿನಾ ಹೇಳುತ್ತಿದ್ದೇನೆ, ಒಂದು ದಿನ ನಕ್ಕಿಲ್ಲ ಪುಣ್ಯಾತ್ಮ.

ಮನೆಯಲ್ಲಿ ಇವಳಿಗೆ ಹೇಳಿದೆ. "ನಿಮ್ಮ ನಾಲಿಗೆಗೊಂದು ಬೀಗ ಹಾಕಿಸ್ಬೇಕು" ಅಂದಳು. "ಬೀಗರನ್ನೇ ಕರೆಸು, ಅವರು ಬಾಯಿ ಮುಚ್ಚೋದ್ರಲ್ಲಿ ಪಳಗಿದ ಕೈ" ಅಂದೆ.

ಮಾರ್ಚ್ 5, ಬುಧವಾರ

ಗುಣಪಟ್ಟಿಯ ದಿನ. ಆರು ತಿಂಗಳಿಗೊಮ್ಮೆ ಒಂದೊಂದು ಚಿಂಪಾಂಜಿಗೆ ಒಂದೊಂದು ಹಾಳೆ ತುಂಬಬೇಕು. ಸ್ನೇಹ, ಸಿಡುಕು, ಹಂಚಿಕೊಳ್ಳುವುದು, ನಂಬಿಕೆ, ತುಂಟತನ, ಹೀಗೆ ಇಪ್ಪತ್ತು ಗುಣಗಳಿಗೆ ಐದರಲ್ಲಿ ಅಂಕ. ನಾನೊಂದು ತುಂಬುತ್ತೇನೆ, ಬೀಗನೊಂದು, ಒಬ್ಬರದನ್ನು ಒಬ್ಬರು ನೋಡುವ ಹಾಗಿಲ್ಲ. ಟೈಪಿಸ್ಟಮ್ಮ ಟೈಪ್ ಮಾಡಿ ಡಾಕ್ಟರಮ್ಮನಿಗೆ ಕೊಡುತ್ತಾಳೆ. ಎಲ್ಲೆಲ್ಲಿಂದಲೋ ಬಿಡಿಸಿ ತಂದ ಪ್ರಾಣಿಗಳು. ಗುಣ ಬದಲಾಗಿದೆ ಅಂದರೆ ಗುಣವಾಗಿದೆ ಅಂತ.

ಆಗುತ್ತದೆ ಕೂಡ. 'ಅತ್ತೆ' ಇಲ್ಲಿಗೆ ಬಂದಾಗ ಮೂಲೆ ಬಿಟ್ಟು ಏಳುತ್ತಿರಲಿಲ್ಲ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ಈಗ ಹಿಂಡಿನಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಅವಳ ಹುಬ್ಬಿನಲ್ಲಿದೆ. 'ಮೇಷ್ಟ್ರು' ಬಂದಾಗ ಮುಟ್ಟಿದ್ದನ್ನೆಲ್ಲ ಮುರಿಯುತ್ತಿದ್ದ. ಈಗ ಮರಿಗಳು ಬೆನ್ನೇರಿ ಕಿವಿ ಹಿಂಡಿದರೂ ಪಾಠ ಕೇಳಿಸಿಕೊಳ್ಳುವವನ ಹಾಗೆ ಕೂತಿರುತ್ತಾನೆ.

ಹನ್ನೊಂದನೆಯವನು ಮೂಗ. ಇನ್ನೂ ಹಿಂಡಿಗೆ ಸೇರಿಲ್ಲ, ಪಕ್ಕದ ಕೋಣೆಯಲ್ಲಿದ್ದಾನೆ, ನಡುವೆ ಜಾಲರಿ. ಹದಿನೇಳು ವರ್ಷ ಒಂದು ಫೋಟೋ ಸ್ಟುಡಿಯೋದಲ್ಲಿದ್ದ. ಕೋಟು ತೊಡಿಸಿ, ಮೂರು ಗಾಲಿಯ ಸೈಕಲ್ ಮೇಲೆ ಕೂರಿಸಿ, ಬಂದವರ ಪಕ್ಕಕ್ಕೆ ಇಟ್ಟು ಫೋಟೋ ತೆಗೆಯುತ್ತಿದ್ದರಂತೆ. ಸದ್ದು ಮಾಡಿದಾಗಲೆಲ್ಲ ಏಟು. ಬಂದು ಎಂಟು ತಿಂಗಳಾಯಿತು, ಒಂದು ದನಿ ಹೊರಡಿಸಿಲ್ಲ. ಎದುರಿಗೆ ಯಾರಾದರೂ ಚೌಕದ ವಸ್ತು ಎತ್ತಿದರೆ ಸಾಕು, ಬೆನ್ನು ನೆಟ್ಟಗೆ ಮಾಡಿ, ಎರಡು ಕೈ ಮಂಡಿ ಮೇಲಿಟ್ಟು, ಹಲ್ಲು ಬಿಟ್ಟು ಕೂರುತ್ತಾನೆ. ನೋಡಿದವರು ನಗುತ್ತಿದ್ದಾನೆ ಅನ್ನುತ್ತಾರೆ. ಚಿಂಪಾಂಜಿ ಹಾಗೆ ಹಲ್ಲು ಬಿಡುವುದು ಹೆದರಿಕೆಗೆ.

ಈಚೆಗೆ ಅತ್ತೆ ಜಾಲರಿಯಲ್ಲಿ ಬೆರಳು ತೂರಿಸಿ ಅವನ ಬೆನ್ನಿನ ಕೂದಲು ಬಿಡಿಸುತ್ತಾಳೆ. ಕಣ್ಣು ಮುಚ್ಚಿ ಕೂರುತ್ತಾನೆ. ಇಪ್ಪತ್ತನೇ ತಾರೀಖು ನಡುವಿನ ಬಾಗಿಲು ತೆಗೆಯುವುದು ಅಂತ ತೀರ್ಮಾನ. ಮುಂದಿನ ತಿಂಗಳ ನಡುವಿಗೆ ಹೊಸ ಮೂರು ಚಿಂಪಾಂಜಿಗಳು ಬರುತ್ತವೆ, ಅವನ ಕೋಣೆ ಅವಕ್ಕೆ ಬೇಕು. ಹಿಂಡಿಗೆ ಸೇರದಿದ್ದರೆ ಹಿತ್ತಿಲ ಒಂಟಿಮನೆಯೇ ಗತಿ. ಅಲ್ಲಿ ಜಾಲರಿಯಾಚೆ ಬೇಲಿ, ಬೇಲಿಯಾಚೆ ನೀರಿನ ಟ್ಯಾಂಕು. ಅಲ್ಲಿಗೆ ಹೋದವರು ಮತ್ತೆ ಹಿಂಡಿಗೆ ಬಂದದ್ದಿಲ್ಲ.

ಹತ್ತು ಹಾಳೆ ತುಂಬಿದ ಮೇಲೆ ಕೈ ತುರಿಸಿತು. ಉಳಿದದ್ದು ಮೂಗನ ಹಾಳೆ. ಅದರ ಮೇಲೆ 'ಬೀಗ' ಅಂತ ಬರೆದೆ. ಸ್ನೇಹ ಒಂದು. ಹಂಚಿಕೊಳ್ಳುವುದು ಒಂದು. ನಂಬಿಕೆ ಒಂದು. ಸಿಡುಕು ಐದು. ಷರಾ: "ಕರೆದರೆ ಬೆನ್ನು ತೋರಿಸುತ್ತಾನೆ. ಗೋಡೆಗೆ ಮುಖ ಮಾಡಿ, ತಿಂಡಿಯನ್ನು ಮೊಣಕೈಯಲ್ಲಿ ಮುಚ್ಚಿಕೊಂಡು ತಿನ್ನುತ್ತಾನೆ. ಸೈಕಲ್ ಮುಟ್ಟಿದರೆ ಮೈಮೇಲೆ ಬೀಳುತ್ತಾನೆ." ಅಕ್ಷರ ಬರೆಯುವಾಗಲೇ ಹೊಟ್ಟೆ ಕುಲುಕುತ್ತಿತ್ತು. ಟೀ ಹೊತ್ತಿಗೆ ಅಡುಗೆಯವಳಿಗೆ ಓದಿ ಹೇಳಿ, ಹರಿದು ಹಾಕಿ, ಮೂಗನಿಗೆ ಬೇರೆ ಹಾಳೆ ಇಸಕೊಳ್ಳುವುದು ಅಂತಿದ್ದೆ. ಅಷ್ಟರಲ್ಲಿ ಟೈಪಿಸ್ಟಮ್ಮ ಬಂದು ಕಟ್ಟು ಎತ್ತಿಕೊಂಡು ಹೋದಳು. ಹನ್ನೊಂದು ಚಿಂಪಾಂಜಿ, ಹನ್ನೊಂದು ಹಾಳೆ.

ನಾಳೆ ಬದಲಾಯಿಸಿದರಾಯಿತು.

ಮಾರ್ಚ್ 8, ಶನಿವಾರ

ಹಾಳೆ ಬದಲಾಯಿಸಬೇಕು. ಟೈಪಿಸ್ಟಮ್ಮ ರಜೆ. ಸೋಮವಾರ.

ಮಾರ್ಚ್ 11, ಮಂಗಳವಾರ

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು.

"ಮೂಗನ ಇಪ್ಪತ್ತನೇ ತಾರೀಖು ರದ್ದು" ಅಂದರು. "ಒಬ್ಬರ ಹಾಳೇಲಿ ಬರೀ ನಾಲ್ಕು ಐದು. ಇನ್ನೊಬ್ಬರ ಹಾಳೇಲಿ ಬರೀ ಒಂದು. ಇಬ್ಬರೂ ಒಂದೇ ಪ್ರಾಣೀನ ನೋಡಿದ್ದೀರಾ?"

ಬೀಗ ನೆಲ ನೋಡಿದ. ನಾನು ಗೋಡೆ ನೋಡಿದೆ.

"ಅನುಭವ ಇರೋರ ಮಾತಿಗೆ ತೂಕ ಕೊಡಬೇಕಾಗುತ್ತೆ. ಅಜ್ಜ, ನೀವು ಬರೆದಿದ್ದು ಓದಿ ಮನಸ್ಸು ಕೆಟ್ಟುಹೋಯ್ತು. ಸೈಕಲ್ ಮುಟ್ಟಿದರೆ ಮೈಮೇಲೆ ಬೀಳ್ತಾನೆ ಅಂತ! ಅಂಗಳದಲ್ಲಿ ಮರಿಗಳ ಆಟಿಕೆ ಸೈಕಲ್ ಇದೆಯಲ್ಲ, ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಹದಿನೇಳು ವರ್ಷ ಅದರ ಮೇಲೆ ಕೂರಿಸಿದ್ರಲ್ಲ, ಆ ಗಾಯ. ನೀವೊಬ್ಬರೇ ಅದನ್ನ ಕಂಡಿದ್ದು." ಅವರ ಕಣ್ಣಲ್ಲಿ ನೀರಿತ್ತು.

ನನಗೆ ನಗು ಬಂತು. ಗಂಟಲಲ್ಲಿ ಸಿಕ್ಕಿ ಕೆಮ್ಮಾಯಿತು. ಆಗ ಹೇಳಬೇಕಿತ್ತು. ಪಕ್ಕದಲ್ಲೇ ಬೀಗ. ಮೊನ್ನೆ ತಾನೇ ಕೊನೆಯ ಎಚ್ಚರಿಕೆ. ಮಗಳು ಇರುವುದು ಅವನ ಮನೆಯಲ್ಲಿ. ಹೇಗೆ ಹೇಳುವುದು?

ಹೊರಗೆ ಬಂದ ಮೇಲೆ ಬೀಗ ಸೈಕಲ್ ಬಿಡಿಸುತ್ತಾ ಅಂದ: "ಮೂವತ್ತು ವರ್ಷ ನೋಡಿದ ಕಣ್ಣು ನಿಮ್ಮದು. ನನಗೆ ಕಾಣದೇ ಇದ್ದದ್ದು ನಿಮಗೆ ಕಂಡಿರುತ್ತೆ ಬಿಡಿ."

ಕುಹಕ ಇದ್ದಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಇರಲಿಲ್ಲ.

ಎಲ್ಲ ಆ ಟೈಪಿಸ್ಟಮ್ಮನ ಕನ್ನಡಕದ ಕೆಲಸ. ನನ್ನ ಕೈಬರಹದ 'ಬೀಗ' ಅವಳ ಕಣ್ಣಿಗೆ 'ಮೂಗ' ಆಗಿದೆ. ನಾಲ್ಕು ಮೂಲೆಯ ಒಂದು ಹಾಳೆ, ಎಲ್ಲ ಹಾಳು.

ಮಾರ್ಚ್ 12, ಬುಧವಾರ

ಹೊಸ ಹಾಳೆ ತುಂಬಿಕೊಂಡು ಹೋದೆ. ಎಲ್ಲ ನಾಲ್ಕು. ಡಾಕ್ಟರಮ್ಮ ಹಿಂದಕ್ಕೆ ಕೊಟ್ಟರು. "ಕನಿಕರಕ್ಕೆ ಅಂಕ ಕೊಡಬೇಡಿ ಅಜ್ಜ. ಮೊದಲು ಬರೆದಿದ್ದೇ ನಿಮ್ಮ ನಿಜವಾದ ಮಾತು."

ಮಾರ್ಚ್ 14, ಶುಕ್ರವಾರ

ಮೂಗನನ್ನು ಒಂಟಿಮನೆಗೆ ಸಾಗಿಸಿದೆವು. ಸಾಗಣೆ ಪೆಟ್ಟಿಗೆ ಚೌಕ. ಅದನ್ನು ನೋಡಿದ್ದೇ ತಡ, ಬೆನ್ನು ನೆಟ್ಟಗೆ, ಕೈ ಮಂಡಿಗೆ, ಹಲ್ಲು. ಫೋಟೋ ತೆಗೆದು ಮುಗಿದ ಮೇಲೆ ಬಿಡುತ್ತಾರೆ ಅಂದುಕೊಂಡಿದ್ದನೇನೋ. ಪೆಟ್ಟಿಗೆಯೊಳಗೂ ಹಾಗೇ ಕೂತಿದ್ದ.

ಅತ್ತೆ ಮಧ್ಯಾಹ್ನವಿಡೀ ಜಾಲರಿಯಲ್ಲಿ ಬೆರಳು ತೂರಿಸಿಕೊಂಡು ಆ ಕಡೆ ಯಾರೂ ಇಲ್ಲದ ಕೋಣೆ ನೋಡುತ್ತಿದ್ದಳು.

ಮಾರ್ಚ್ 22, ಶನಿವಾರ

ಮೂಗ ಎಡಗೈಯ ಕೂದಲು ಕಿತ್ತುಕೊಳ್ಳುತ್ತಿದ್ದಾನೆ. ಒಂದೊಂದಾಗಿ, ನಿಧಾನ, ಯಾರದೋ ಕೈ ಅನ್ನುವ ಹಾಗೆ. ಕೂತಲ್ಲೇ ತೂಗುತ್ತಾನೆ. ಮೊದಲು ನನ್ನ ಹೆಜ್ಜೆ ಸದ್ದಿಗೆ ಬಾಗಿಲ ಹತ್ತಿರ ಬರುತ್ತಿದ್ದ. ಈಗ ಕರೆದರೆ ಬೆನ್ನು ತೋರಿಸುತ್ತಾನೆ.

ಬರೆದ ಮೇಲೆ ನೋಡಿದೆ. ಈ ವಾಕ್ಯ ನಾನು ಮೊದಲೂ ಬರೆದಿದ್ದೆ.

ಮಾರ್ಚ್ 27, ಗುರುವಾರ

ಸೌತೆಕಾಯಿ ಕೊಟ್ಟರೆ ಕಿತ್ತುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ತಿಂದ. ಮೊಣಕೈ ಅಡ್ಡ ಇಟ್ಟುಕೊಂಡು. ಆ ಹಾಳೆಯಲ್ಲಿದ್ದದ್ದು ಒಂದೊಂದಾಗಿ ನಿಜವಾಗುತ್ತಿದೆ. ಯಾರೋ ಅವನಿಗೆ ಓದಿ ಹೇಳಿದ ಹಾಗೆ.

ಬೀಗರು ಊಟದ ಹೊತ್ತಿನಲ್ಲಿ ಒಂಟಿಮನೆಯ ಮುಂದೆ ಹೋಗಿ ಕೂರುತ್ತಾರೆ. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಬೆನ್ನು ಜಾಲರಿಗೆ ಕೊಟ್ಟು. ಮಾತು ಬರದವನ ಹತ್ತಿರ ಮಾತಾಡದವರು. ಇದಕ್ಕೊಂದು ಪದ ಕಟ್ಟಬೇಕು ಅಂದುಕೊಂಡೆ, ಹೊಳೆಯಲಿಲ್ಲ.

"ಡಬ್ಬಿ ತಂದಿಲ್ವಾ ಬೀಗರೇ?" ಅಂದೆ.

"ಆಮೇಲೆ ತಿಂತೀನಿ."

"ನೀವು ಯಾಕೆ ಯಾವಾಗಲೂ ಗೋಡೆ ಕಡೆ ತಿರುಗಿ ತಿನ್ನೋದು? ನಾವೇನು ಕಿತ್ಕೋತೀವಾ?"

"ನೀವಲ್ಲ. ಅತ್ತೆ ನೋಡ್ತಾಳೆ. ನಮ್ಮ ಊಟ ಅವರಿಗೆ ಕೊಡೋ ಹಾಗಿಲ್ಲ. ತೋರಿಸಿ ತೋರಿಸಿ ತಿಂದ್ರೆ ಪಾಪ ಅನ್ನಿಸುತ್ತೆ."

ಮೂವತ್ತು ವರ್ಷ ನಾನು ಅವುಗಳ ಎದುರೇ ಡಬ್ಬಿ ಬಿಚ್ಚಿ ತಿಂದಿದ್ದೇನೆ. ಇರಲಿ.

ಮಾರ್ಚ್ 30, ಭಾನುವಾರ

ಇವಳು ಹಣೆ ಮುಟ್ಟಿ ನೋಡಿದಳು. "ಹದಿನೈದು ದಿನದಿಂದ ಸಕ್ಕರೆ ಡಬ್ಬೀಲಿ ಸಕ್ಕರೇನೇ ಇದೆ, ಉಪ್ಪಿನ ಡಬ್ಬೀಲಿ ಉಪ್ಪೇ ಇದೆ. ಮೈ ಹುಷಾರಿಲ್ವಾ?"

ವಯಸ್ಸಾಯಿತು ಅಂದೆ. "ನಿನ್ನೆ ಮೊನ್ನೆ ಆಗಿದ್ದಾ ಅದು?" ಅಂದಳು.

ಮಗಳು ಫೋನ್ ಮಾಡಿದ್ದಳು. ಮಾವ ಸರಿಯಾಗಿ ಊಟ ಮಾಡುತ್ತಿಲ್ಲ, ಕೆಲಸದಲ್ಲಿ ಏನಾದರೂ ಆಯಿತಾ ಅಂತ ಕೇಳಿದಳು. ಇಲ್ಲವಲ್ಲ ಅಂದೆ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆಯಿಂದ ಬೀಗರು ಬಲಗೈ ಪ್ಯಾಂಟಿನ ಕಿಸೆಯಿಂದ ತೆಗೆಯಲಿಲ್ಲ. ಬಾಗಿಲುಗಳನ್ನೆಲ್ಲ ಎಡಗೈಯಲ್ಲೇ ತೆಗೆದರು, ಒಂದೊಂದಕ್ಕೂ ಎರಡರಷ್ಟು ಹೊತ್ತು. ಹಳೆ ಚಟ, ನಾಲಿಗೆ ತಾನಾಗಿ ಹೊರಳಿತು: "ಏನ್ ಬೀಗರೇ, ಬೀಗದ ಕೈ ಕಿಸೆಯಲ್ಲೇ ಉಳಿದುಬಿಡ್ತಾ?"

ಕೈ ಹೊರಗೆ ತೆಗೆದರು. ಬಟ್ಟೆ ಸುತ್ತಿತ್ತು. ರಕ್ತ ಒಸರಿ ಕಂದಾಗಿತ್ತು.

"ಏನಿದು?"

"ನಿನ್ನೆ ಮೂಗನ ಬೆನ್ನು ಸವರೋಣ ಅಂತ ಬೆರಳು ಒಳಗೆ ಹಾಕ್ದೆ. ಅತ್ತೆ ಸವರ್ತಿದ್ದಳಲ್ಲ, ಹಾಗೆ. ತಿರುಗಿ ಕಚ್ಚಿಬಿಟ್ಟ. ಆಮೇಲೆ ಅವನೇ ಹೆದರಿ ಮೂಲೆಗೆ ಹೋಗಿ ಹಲ್ಲು ಬಿಟ್ಕೊಂಡು ಕೂತ."

"ಡಾಕ್ಟರಮ್ಮನಿಗೆ ತೋರಿಸಿದ್ರಾ?"

"ಬೇಡ. ಹೇಳಬೇಡಿ." ನನ್ನ ತೋಳು ಹಿಡಿದುಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ. "ಗೊತ್ತಾದ್ರೆ ಅದನ್ನೂ ಬರ್ಕೋತಾರೆ. ಅವನಿಗೆ ಆಮೇಲೆ ಯಾವತ್ತೂ ಆ ಬಾಗಿಲು ತೆಗೆಯಲ್ಲ. ನಿಮ್ಮ ಕಣ್ಣಿಗೆ ಅವನು ಕೆಟ್ಟೋನು ಅಂತ ಕಂಡಿರಬಹುದು. ನಿಮ್ಮ ಕಾಲು ಹಿಡೀತೀನಿ, ಇದೊಂದು ಬೇಡ."

ಸೀದಾ ಡಾಕ್ಟರಮ್ಮನ ಕೋಣೆಗೆ ಹೋದೆ. ನಿಂತುಕೊಂಡೇ ಹೇಳಿದೆ. ಆ ಹಾಳೆ ಮೂಗನದಲ್ಲ, ನಮ್ಮ ಬೀಗರ ಮೇಲೆ ತಮಾಷೆಗೆ ಬರೆದದ್ದು, ಮೂಗನ ಹಾಳೆ ನಾನು ತುಂಬಲೇ ಇಲ್ಲ.

ಅವರು ಕ್ಯಾಲೆಂಡರ್ ಕಡೆ ಬೆರಳು ತೋರಿಸಿದರು. "ಏಪ್ರಿಲ್ ಒಂದು ಅಂತ ನನಗೂ ಗೊತ್ತು. ಹೊರಗೆ ಹೋಗಿ ಅಜ್ಜ."

ದೇವರಾಣೆ, ತಾರೀಖು ಮರೆತಿದ್ದೆ. ಐವತ್ತು ವರ್ಷದಲ್ಲಿ ಆ ದಿನ ಮರೆತದ್ದು ಇದೇ ಮೊದಲು. ಆಫೀಸಿನ ಬೀರು ತೆರೆಸಿ ಕೈಬರಹದ ಮೂಲ ಹಾಳೆ ತಂದು ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಬೆಳಕಿಗೆ ಹಿಡಿದು ಓದಿದರು. 'ಬೀಗ.' ಮತ್ತೆ ಓದಿದರು. ಕಿಟಕಿಯಾಚೆ ನೋಡಿದರು. ಅಲ್ಲಿ ಗೋಡೆಗೆ ಒರಗಿಸಿ ಬೀಗ ಹಾಕಿದ ಸೈಕಲ್ ನಿಂತಿತ್ತು.

"ಸೈಕಲ್ಲು" ಅಂದರು. ಅಷ್ಟೇ.

ನನಗೆ ಏನು ಮಾಡಬೇಕೋ ತಿಳಿಯದೆ ಹಲ್ಲು ಬಿಟ್ಟೆ.

ಬೆರಳು ಕಚ್ಚಿದ್ದನ್ನು ಹೇಳಲಿಲ್ಲ. ಬೀಗರು ನಂಬಿ ಕೇಳಿಕೊಂಡದ್ದು ಅದೊಂದೇ. ಗಾಯ ತೊಳೆದು ಸೂಜಿ ಹಾಕಿಸಿಕೊಂಡು ಬರಲು ಅವರನ್ನು ನಾನೇ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾರಿಗೂ ಗೊತ್ತಾಗದ ಹಾಗೆ.

ಏಪ್ರಿಲ್ 2, ಬುಧವಾರ

ತೀರ್ಪು. ಚಿಂಪಾಂಜಿ ಮನೆಯೊಳಗೆ ನಾನು ಕಾಲಿಡುವ ಹಾಗಿಲ್ಲ. ಇನ್ನು ಮುಂದೆ ಅಡುಗೆಮನೆ, ಕ್ಯಾರೆಟ್ಟು, ಸೌತೆಕಾಯಿ, ಚಾಕು. ಟೈಪಿಸ್ಟಮ್ಮನಿಗೆ ಸರಿಯಾಗಿ ಓದದೆ ಟೈಪ್ ಮಾಡಿದ್ದಕ್ಕೆ ಎಚ್ಚರಿಕೆ ಪತ್ರ. ಮೂಗನನ್ನು ಹಳೇ ಕೋಣೆಗೆ ತರುತ್ತಾರೆ. ಬಾಗಿಲು ತೆಗೆಯುವುದು ಮಾತ್ರ ಹೇಳಲಾಗದು ಅಂದರು ಡಾಕ್ಟರಮ್ಮ. "ಮೂರು ವಾರದ ಹಿಂದಿನ ಮೂಗ ಬೇರೆ. ಈಗಿನವನನ್ನ ನಾನು ಹೊಸದಾಗಿ ನೋಡಬೇಕು. ಒಂದು ವಾರ ನೋಡ್ತೀನಿ."

ಬೀಗರು ಆ ಹಾಳೆ ಕೇಳಿ ಇಸಕೊಂಡರು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಇಪ್ಪತ್ತೂ ಗುಣ, ಷರಾ ಸಮೇತ, ಬೆರಳಿಟ್ಟು ಓದಿದರು. ನಾನು ಸೌತೆಕಾಯಿ ಹೆಚ್ಚುತ್ತಾ ಹೆಚ್ಚುತ್ತಾ ಅಷ್ಟನ್ನೂ ಪುಡಿ ಮಾಡಿದ್ದೆ.

"ಸೈಕಲ್ ವಿಷಯ ನಿಜ" ಅಂದರು.

"ಮಿಕ್ಕಿದ್ದು?"

"ಮಿಕ್ಕಿದ್ದಕ್ಕೆ ನೀವು ನನ್ನನ್ನ ನೋಡಿರಬೇಕಿತ್ತು." ಹಾಳೆ ನಾಲ್ಕಾಗಿ ಮಡಿಸಿ ಕಿಸೆಗೆ ಹಾಕಿದರು. "ಇಷ್ಟು ದಿನ ನೀವು ನಗ್ತಾ ಇದ್ದೀರಿ ಅಂದ್ಕೊಂಡಿದ್ದೆ. ನೀವೂ ಹೆದರಿಕೆಗೇ ಹಲ್ಲು ಬಿಡೋದು ಅಂತ ನಿನ್ನೆ ಕಿಟಕೀಲಿ ನೋಡ್ದೆ."

ಏಪ್ರಿಲ್ 7, ಸೋಮವಾರ

ಮೂಗ ಜಾಲರಿ ಹತ್ತಿರ ಬರುತ್ತಿಲ್ಲವಂತೆ. ಅತ್ತೆ ಬೆರಳು ತೂರಿಸಿ ಕಾಯುತ್ತಾಳೆ, ಇವನು ಮೂಲೆಯಲ್ಲಿ ತೂಗುತ್ತಾನೆ. ಡಾಕ್ಟರಮ್ಮ ಬುಧವಾರ ಒಂದು ಸಲ ಬಾಗಿಲು ತೆಗೆದು ನೋಡುತ್ತಾರೆ, ಆಗದಿದ್ದರೆ ಆಗಲಿಲ್ಲ. ಇದೆಲ್ಲ ಬೀಗರು ಕಿಟಕಿಯಲ್ಲಿ ಹೇಳಿಹೋಗುವ ಸುದ್ದಿ. ಅವರು ಇಷ್ಟು ಮಾತಾಡುತ್ತಾರೆ ಅಂತ ಗೊತ್ತಿರಲಿಲ್ಲ.

ಟೈಪಿಸ್ಟಮ್ಮ ಟೀಗೆ ಬಂದಳು. ಲೋಟ ಕೊಟ್ಟೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಏನಾದರೂ ಅನ್ನುತ್ತಾಳೆ ಅಂತ ಕಾದೆ. ಟೀ ಕುಡಿದು ಲೋಟ ತೊಳೆದಿಟ್ಟು ಹೋದಳು.

ಏಪ್ರಿಲ್ 9, ಬುಧವಾರ

ಹನ್ನೊಂದು ಗಂಟೆಗೆ ಬಾಗಿಲು ತೆಗೆಯುತ್ತಾರೆ ಅಂತ ಗೊತ್ತಿತ್ತು. ಅಡುಗೆಮನೆಯಿಂದ ಏನೂ ಕಾಣುವುದಿಲ್ಲ. ಕ್ಯಾರೆಟ್ ಹೆಚ್ಚುತ್ತಾ ಕಿವಿ ಕೊಟ್ಟು ನಿಂತೆ. ಹಳಿಯ ಮೇಲೆ ಬಾಗಿಲು ಸರಿದ ಸದ್ದು. ಆಮೇಲೆ ಹಿಂಡು ಒಟ್ಟಿಗೆ ಕೂಗಿತು. ಯಾವ ಕೂಗು ಯಾರದು ಅಂತ ನನಗೆ ಬಾಯಿಪಾಠ. ಮೇಷ್ಟ್ರದು ಬುಡದಿಂದ ಏಳುವ ಗುಡುಗು, ಅತ್ತೆಯದು ಕೊನೆಗೆ ಚೂಪಾಗುತ್ತದೆ, ಮರಿಗಳದು ಕೀಚಲು. ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತೇ. ಕೂಗು ನಿಂತಿತು. ತುಂಬಾ ಹೊತ್ತು ಏನೂ ಇಲ್ಲ. ಅಡುಗೆಯವಳು ನಲ್ಲಿ ತಿರುಗಿಸಲು ಹೋದಳು, ಕೈ ಹಿಡಿದು ತಡೆದೆ.

ಆಮೇಲೆ ಒಂದು ದನಿ ಬಂತು. ತುಕ್ಕು ಹಿಡಿದ ಚಿಲಕ ಜಾರಿದ ಹಾಗೆ, ಗೊಗ್ಗರು, ಒಡಕು. "ಹೂ." ಸ್ವಲ್ಪ ತಡೆದು ಮತ್ತೆ: "ಹೂ."

ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ.

ಬೀಗರು ಕಿಟಕಿಗೆ ಓಡಿ ಬಂದರು. ಏದುಸಿರು. "ಅತ್ತೆ ಹತ್ರ ಬಂದ್ಲು. ಇವನು ಫೋಟೋಗೆ ಕೂತ ಹಾಗೆ ಕೂತ್ಬಿಟ್ಟ, ಹಲ್ಲು ಬಿಟ್ಕೊಂಡು. ಅವಳು ಮಂಡಿ ಮೇಲಿಂದ ಅವನ ಕೈ ಎತ್ತಿ, ಆ ಕೂದಲು ಕಿತ್ತ ಜಾಗಾನ ನೋಡಿದ್ಲು. ಮೂಸಿದ್ಲು. ಆವಾಗ... ಕೇಳಿಸ್ತಾ ನಿಮಗೆ?"

"ಹೂಂ" ಅಂದೆ.

ಅಂದ ಮೇಲೆ ಬಾಯಿ ಅಲ್ಲೇ ನಿಂತಿತು. ಬೀಗರು ಹೋಗಿ ಎಷ್ಟೋ ಹೊತ್ತಾದ ಮೇಲೂ ಚಾಕು ಎತ್ತಲು ಆಗಲಿಲ್ಲ. ಮೂಗನ ಎಡಗೈ ಬೋಳಾಗೇ ಇದೆಯಂತೆ, ಮತ್ತೆ ಕೂದಲು ಬರುತ್ತದೋ ಇಲ್ಲವೋ ಡಾಕ್ಟರಮ್ಮ ಹೇಳುವುದಿಲ್ಲ. ನಾಳೆಯೂ ಬಾಗಿಲು ತೆಗೆಯುತ್ತಾರೆ, ಒಂದು ಗಂಟೆ ಮಾತ್ರ.

ಟೈಪಿಸ್ಟಮ್ಮನ ಕನ್ನಡಕ ಸರಿಯಾಗಿದೆ. ಮಾರ್ಚ್ ಐದರಂದು ಅವಳು ಕಟ್ಟು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದಿದ್ದಳು. ಕೊನೆಯ ಹಾಳೆ ನನ್ನ ಮುಂದೆ ಹಿಡಿದು, ಹೆಸರಿನ ಕೆಳಗೆ ಉಗುರಿಟ್ಟು ಕೇಳಿದಳು: "ಅಜ್ಜ, ಇದು ಬೀಗ ಅಂತಿದೆಯಲ್ಲ. ಮೂಗ ಅಂತ ಬರ್ಕೊಳ್ಳಲಾ?" ಅಲ್ಲಿ ಬೀಗರಿರಲಿಲ್ಲ, ಡಾಕ್ಟರಮ್ಮ ಇರಲಿಲ್ಲ, ಹೆದರುವಂಥದ್ದೇನೂ ಇರಲಿಲ್ಲ. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಅಷ್ಟೇ.

ನಾನು "ಹೂಂ" ಅಂದೆ.